ಇಂಡಿಕೇಟರ್‌ನ ಅವಸರಕ್ಕೆ ಕಾರಣವಿದೆ

ಎಲ್‌ಇಡಿ ಬಲ್ಬ್ ಹಾಕಿಸಿದ ದಿನದಿಂದ ಇಂಡಿಕೇಟರ್ ಪಟಪಟನೆ ಮಿಟುಕುತ್ತಿದೆ, ಏನು ಮಾಡಬೇಕು? ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ತಲೆಹಾಕುತ್ತದೆ. ಬೈಕಿನವರೂ ಕೇಳುತ್ತಾರೆ, ಕಾರಿನವರೂ ಕೇಳುತ್ತಾರೆ. ಆ್ಯಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಒಂದು ರೆಸಿಸ್ಟರ್ ಹಾಕಿದ್ರೆ ಸರಿಹೋಗುತ್ತೆ ಸಾರ್.’ ಹಾಕಿದರೆ ಮಿಟುಕು ಹಳೆಯ ಲಯಕ್ಕೆ ಮರಳುವುದು ನಿಜ. ಆದರೆ ಸರಿಹೋದದ್ದು ಏನು ಎಂದು ಯಾರೂ ಕೇಳುವುದಿಲ್ಲ. ಆ ಅವಸರದ ಮಿಟುಕು ಕೆಟ್ಟುಹೋದ ಭಾಗವೊಂದರ ಲಕ್ಷಣವಲ್ಲ. ತನಗೆ ಒಪ್ಪಿಸಿದ ಕೆಲಸವನ್ನು ವಾಹನ ನಿಷ್ಠೆಯಿಂದ ಮಾಡುತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿ. ಹಾಗಾಗಿ ಪರಿಹಾರ ಹುಡುಕುವಾಗ ಮಿಟುಕನ್ನು ನಿಧಾನಗೊಳಿಸುವ ದಾರಿ ಯಾವುದು ಎಂದಷ್ಟೇ ನೋಡಿದರೆ ಸಾಲದು. ನಿಧಾನಗೊಳಿಸುವಾಗ ಆ ಕೆಲಸ ಉಳಿಯುತ್ತದೆಯೋ ಹೋಗುತ್ತದೆಯೋ ಎಂದೂ ನೋಡಬೇಕು.

ಕೆಲಸ ಯಾವುದೆಂದರೆ, ಬಲ್ಬ್ ಹೋಗಿದೆ ಎಂದು ಚಾಲಕನಿಗೆ ತಿಳಿಸುವುದು. ಹಿಂದಿನ ಎಡಗಡೆಯ ಇಂಡಿಕೇಟರ್ ಉರಿಯುತ್ತಿಲ್ಲ ಎನ್ನುವುದು ಸ್ಟೀರಿಂಗ್ ಹಿಡಿದು ಕೂತವನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಡ್ಯಾಷ್‌ಬೋರ್ಡಿನ ಹಸಿರು ಬಾಣ, ಕೇಳುವುದು ಟಿಕ್ ಟಿಕ್ ಸದ್ದು. ಇವೆರಡರ ಮೂಲಕವೇ ಅವನಿಗೆ ಸುದ್ದಿ ಮುಟ್ಟಬೇಕು. ಸಾಮಾನ್ಯ ಕಾರಿನಲ್ಲಿ ಒಂದು ಬದಿಗೆ ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, ಪಕ್ಕದ ಪುಟ್ಟ ದೀಪಕ್ಕೆ 5 ವ್ಯಾಟ್, ಒಟ್ಟು 47 ವ್ಯಾಟಿನ ಬಲ್ಬುಗಳಿರುತ್ತವೆ. 12 ವೋಲ್ಟಿನಲ್ಲಿ ಇವು ಹೆಚ್ಚು ಕಡಿಮೆ 4 ಆಂಪಿಯರ್ ಕರೆಂಟ್ ಎಳೆಯುತ್ತವೆ. ಇಂಡಿಕೇಟರನ್ನು ಮಿಟುಕಿಸುವ ಎಲೆಕ್ಟ್ರಾನಿಕ್ ಫ್ಲಾಷರ್ ಒಳಗೆ ಮಿಲಿ-ಓಮ್‌ಗಳಲ್ಲಿ ಅಳೆಯುವಷ್ಟು ಸಣ್ಣ ರೆಸಿಸ್ಟರ್ ಒಂದಿದ್ದು, ದೀಪಗಳಿಗೆ ಹೋಗುವ ಕರೆಂಟೆಲ್ಲ ಅದರ ಮೂಲಕವೇ ಹಾಯುತ್ತದೆ. ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ ಫ್ಲಾಷರ್ ಲೆಕ್ಕ ಹಾಕುತ್ತದೆ. ಒಂದು 21 ವ್ಯಾಟಿನ ಬಲ್ಬ್ ಸುಟ್ಟರೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಗ ಅದು ಮಿಟುಕಿನ ವೇಗವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಎಲ್‌ಇಡಿ ಬಲ್ಬ್ ಎಳೆಯುವುದು ಮೂರೋ ನಾಲ್ಕೋ ವ್ಯಾಟ್. ಫ್ಲಾಷರ್‌ಗೆ ಬೆಳಕು ಕಾಣಿಸುವುದಿಲ್ಲ, ಕರೆಂಟ್ ಮಾತ್ರ ಗೊತ್ತು. ಬಲ್ಬ್ ಝಗಝಗಿಸುತ್ತಿದ್ದರೂ ಅದರ ಲೆಕ್ಕದಲ್ಲಿ ಆ ಬಲ್ಬ್ ಸತ್ತಿದೆ.

ಇದಕ್ಕೂ ಹಿಂದಿನ ಬೈಮೆಟಲ್ ಫ್ಲಾಷರ್‌ಗಳಲ್ಲಿ ಕರೆಂಟಿನ ಬಿಸಿಗೆ ಲೋಹದ ಪಟ್ಟಿಯೊಂದು ಬಾಗಿ ಸಂಪರ್ಕ ಕಡಿಯುತ್ತಿತ್ತು, ತಣಿದು ಮತ್ತೆ ಕೂಡಿಸುತ್ತಿತ್ತು. ಅವುಗಳಲ್ಲಿ ಬಲ್ಬ್ ಹೋದರೆ ಮಿಟುಕು ನಿಧಾನವಾಗುವುದೋ, ದೀಪ ಮಿಟುಕದೆ ಉರಿದೇ ನಿಲ್ಲುವುದೋ ಆಗುತ್ತಿತ್ತು. ಎಲ್‌ಇಡಿ ಹಾಕಿದ ಮೇಲೆ ಕೆಲವು ಹಳೆಯ ಗಾಡಿಗಳಲ್ಲಿ ಇಂಡಿಕೇಟರ್ ಮಿಟುಕುವುದನ್ನೇ ಬಿಡುವುದು ಈ ಕಾರಣಕ್ಕೆ. ಪಟ್ಟಿ ಬಾಗುವಷ್ಟು ಬಿಸಿಯೇ ಹುಟ್ಟುವುದಿಲ್ಲ.

ವೇಗವಾಗಿ ಮಿಟುಕಿದರೆ ತೊಂದರೆಯೇನು, ಇನ್ನೂ ಚೆನ್ನಾಗಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ಮೊದಲನೆಯ ತೊಂದರೆ ಕಾನೂನಿನದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೇ ನಿಯಮದಂತೆ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆ, 120ಕ್ಕಿಂತ ಹೆಚ್ಚು ಸಲ ಮಿಟುಕುವಂತಿಲ್ಲ. ಯುರೋಪಿನ ನಿಯಮವೂ 90, ಅದರ ಆಚೀಚೆ 30 ಎಂದು ಇದೇ ಮಿತಿಯನ್ನು ಹೇಳುತ್ತದೆ. ಎರಡನೆಯದು ಅಷ್ಟಾಗಿ ಯಾರ ಗಮನಕ್ಕೂ ಬಾರದ ವಿಷಯ. ಬಹಳ ಜನ ಹಿಂದಿನ ಬಲ್ಬ್ ಮಾತ್ರ ಬದಲಿಸಿ, ಮುಂದಿನದನ್ನು ಹಾಗೇ ಬಿಡುತ್ತಾರೆ. ಫಿಲಮೆಂಟ್ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ನಿಮಿಷಕ್ಕೆ 180 ಸಲ ಮಿಟುಕಿದರೆ ಪ್ರತಿ ಸಲ ಉರಿಯಲು ಸಿಗುವುದು ಸೆಕೆಂಡಿನ ಆರನೇ ಒಂದು ಭಾಗ. ಹೀಗಾಗಿ ಮುಂದಿನ ಬಲ್ಬ್ ಪೂರ್ತಿ ಬೆಳಗುವ ಮೊದಲೇ ಆರುತ್ತದೆ, ಪೂರ್ತಿ ಆರುವ ಮೊದಲೇ ಮತ್ತೆ ಹೊತ್ತಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎದುರಿನಿಂದ ಬರುವವನಿಗೆ ಅದು ಅರೆಬರೆ ನಡುಗುವ ಮಂಕು ದೀಪ. ಹಿಂದೆ ಅಂದ ಹೆಚ್ಚಿಸಲು ಹೋಗಿ ಮುಂದಿನ ಸೂಚನೆಯನ್ನು ಕೆಡಿಸಿಕೊಂಡಂತಾಯಿತು.

ಪರಿಹಾರಕ್ಕೆ ಕೈಹಾಕುವ ಮುನ್ನ ಒಂದು ಮಾತು. ಎಲ್‌ಇಡಿ ಹಾಕಿಸಿದ್ದಕ್ಕೇ ಹೀಗಾಯಿತು ಎಂದು ತೀರ್ಮಾನಿಸುವ ಮೊದಲು ಗಾಡಿ ನಿಲ್ಲಿಸಿ, ಹಜಾರ್ಡ್ ಸ್ವಿಚ್ ಒತ್ತಿ, ಸುತ್ತ ಒಮ್ಮೆ ನಡೆದು ನೋಡಬೇಕು. ಎಲ್ಲ ದೀಪಗಳೂ ನಿಜವಾಗಿ ಉರಿಯುತ್ತಿವೆಯೇ? ಪಕ್ಕದ ಪುಟ್ಟ ದೀಪಕ್ಕೆ ಹಾಕುವ ಎಲ್‌ಇಡಿಗೆ ಪ್ಲಸ್ ಮೈನಸ್ ಇರುತ್ತದೆ. ತಿರುಗಿಸಿ ಕೂರಿಸಿದರೆ ಉರಿಯುವುದೇ ಇಲ್ಲ. ಹೋಲ್ಡರ್‌ನ ತಗಡು ತುಕ್ಕು ಹಿಡಿದಿದ್ದರೆ, ಅರ್ತಿಂಗ್ ವೈರು ಸಡಿಲವಾಗಿದ್ದರೆ ಫಿಲಮೆಂಟ್ ಬಲ್ಬಿನ ಕರೆಂಟೂ ಇಳಿದು ಇದೇ ಅವಸರ ಕಾಣಿಸಿಕೊಳ್ಳುತ್ತದೆ. ಉಪ್ಪುಗಾಳಿಯ ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬಲಗಡೆ ಸರಿಯಾಗಿ ಮಿಟುಕಿ ಎಡಗಡೆ ಮಾತ್ರ ಓಡುತ್ತಿದ್ದು, ಎರಡೂ ಕಡೆ ಒಂದೇ ಬಗೆಯ ಬಲ್ಬ್ ಇದ್ದರೆ ದೋಷ ಎಲ್‌ಇಡಿಯದಲ್ಲ, ಎಡಗಡೆಯ ವೈರಿಂಗ್‌ನದು.

ಈಗ ರೆಸಿಸ್ಟರ್ ಮಾತು. ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಹೊಂಬಣ್ಣದ ಅಲ್ಯೂಮಿನಿಯಂ ಕವಚದ, 50 ವ್ಯಾಟ್, 6 ಓಮ್ ಎಂದು ಬರೆದ ತುಂಡು. ಎಲ್‌ಇಡಿ ಬಲ್ಬಿಗೆ ಪಕ್ಕದಲ್ಲಿ, ಅಂದರೆ ಪ್ಯಾರಲಲ್ ಆಗಿ, ಇದನ್ನು ಜೋಡಿಸುತ್ತಾರೆ. ಎಲ್‌ಇಡಿ ಎಳೆಯದ ಕರೆಂಟನ್ನು ಇದು ಎಳೆಯುತ್ತದೆ, ಫ್ಲಾಷರ್‌ಗೆ ಸಮಾಧಾನವಾಗುತ್ತದೆ. ಎಂಜಿನ್ ಓಡುವಾಗ ವೋಲ್ಟೇಜ್ 13.8ರ ಆಸುಪಾಸಿನಲ್ಲಿರುತ್ತದೆ. ಆಗ 6 ಓಮ್ ಮೂಲಕ ಹಾಯುವುದು 2.3 ಆಂಪಿಯರ್, ಶಾಖವಾಗುವುದು ಸುಮಾರು 32 ವ್ಯಾಟ್. ಅರ್ಧ ಹೊತ್ತು ಮಾತ್ರ ಉರಿಯುವುದರಿಂದ ಸರಾಸರಿ 16 ವ್ಯಾಟ್ ಎನ್ನಿ. ರೇಡಿಯೊ, ಟಿ.ವಿ. ರಿಪೇರಿಯವರು ಬೆಸುಗೆಗೆ ಹಿಡಿಯುವ ಕಡ್ಡಿ 25 ವ್ಯಾಟಿನದು. ಅದರ ಮೂರನೇ ಎರಡು ಭಾಗಕ್ಕೆ ಸ್ವಲ್ಪ ಕಡಿಮೆ ಬಿಸಿಯ ವಸ್ತುವೊಂದನ್ನು ಬಂಪರಿನ ಪ್ಲಾಸ್ಟಿಕ್ಕಿಗೋ ಡಿಕ್ಕಿಯ ಕಾರ್ಪೆಟ್ಟಿಗೋ ಒರಗಿಸಿ ಟೇಪ್ ಸುತ್ತಿ ಬಿಡುವುದೆಂದರೆ ಏನೆಂದು ಊಹಿಸಿಕೊಳ್ಳಬಹುದು. ತಿರುವಿನಲ್ಲಿ ಹತ್ತು ಸೆಕೆಂಡ್ ಹಾಕಿ ತೆಗೆಯುವವರೆಗೆ ಏನೂ ಆಗುವುದಿಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಂಜು ಕವಿದು, ಗಾಡಿ ಕೆಟ್ಟು, ಅರ್ಧ ಗಂಟೆ ಹಜಾರ್ಡ್ ಹಾಕಿ ನಿಂತಾಗ ಆ ತುಂಡು ನೀರು ಕುದಿಯುವ ಬಿಸಿಯನ್ನೂ ದಾಟಬಲ್ಲದು. ಅದನ್ನು ಬಾಡಿಯ ಬರಿ ಲೋಹಕ್ಕೆ ಸ್ಕ್ರೂ ಹಾಕಿ ಬಿಗಿಯಬೇಕು, ಸುತ್ತ ವೈರು, ಪ್ಲಾಸ್ಟಿಕ್ ತಾಗದಂತೆ ಜಾಗ ಬಿಡಬೇಕು. ಹಾಗೆ ಮಾಡುವ ಅಂಗಡಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಹತ್ತು ನಿಮಿಷದಲ್ಲಿ ಮುಗಿಸಿಕೊಡುವ ಕೆಲಸದಲ್ಲಿ ಬಂಪರ್ ಬಿಚ್ಚಿ ಲೋಹ ಹುಡುಕುವ ಪುರಸೊತ್ತು ಯಾರಿಗಿರುತ್ತದೆ?

ಬಿಸಿಯ ಸಮಸ್ಯೆಯನ್ನು ಜಾಗರೂಕತೆಯಿಂದ ನಿಭಾಯಿಸಬಹುದು. ನಿಭಾಯಿಸಲಾಗದ್ದು ಇನ್ನೊಂದಿದೆ. ರೆಸಿಸ್ಟರ್ ಬಲ್ಬಿನ ಪಕ್ಕದಲ್ಲಿ ಕೂತಿರುವುದರಿಂದ ಬಲ್ಬ್ ಸುಟ್ಟರೂ ಅದು ತನ್ನ ಪಾಡಿಗೆ ತಾನು ಕರೆಂಟ್ ಎಳೆಯುತ್ತಲೇ ಇರುತ್ತದೆ. ಎಲ್‌ಇಡಿ ಸತ್ತು ಹಿಂದಿನ ದೀಪ ಕತ್ತಲಾದರೂ ಡ್ಯಾಷ್‌ಬೋರ್ಡಿನಲ್ಲಿ ಬಾಣ ನೆಮ್ಮದಿಯಿಂದ ಮಿಟುಕುತ್ತದೆ, ಸದ್ದೂ ಅದೇ ಲಯದಲ್ಲಿ ಕೇಳುತ್ತದೆ. ಮೊದಲು ಬದುಕಿರುವ ಬಲ್ಬನ್ನು ಸತ್ತಿದೆ ಎನ್ನುತ್ತಿದ್ದ ವಾಹನ ಈಗ ಸತ್ತದ್ದನ್ನು ಬದುಕಿದೆ ಎನ್ನುತ್ತದೆ. ಈ ಎರಡು ತಪ್ಪುಗಳಲ್ಲಿ ಎರಡನೆಯದು ಅಪಾಯಕಾರಿ. ಇಂಡಿಕೇಟರ್ ಹಾಕಿದ್ದೇನೆ ಎಂದು ನಂಬಿ ಹೆದ್ದಾರಿಯಲ್ಲಿ ಲೇನ್ ಬದಲಿಸುವವನ ಹಿಂದೆ ಬರುತ್ತಿರುವ ಲಾರಿಗೆ ಯಾವ ಸೂಚನೆಯೂ ಕಾಣುವುದಿಲ್ಲ. ರೆಸಿಸ್ಟರ್ ವಿಷಯದಲ್ಲಿ ನನ್ನ ತಕರಾರಿಗೆ ಮುಖ್ಯ ಕಾರಣ ಇದು.

ದ್ವಿಚಕ್ರದವರಿಗೆ ಇದಕ್ಕಿಂತ ಉತ್ತಮ ದಾರಿಯಿದೆ, ಅದೂ ಕೆಲವು ನೂರು ರೂಪಾಯಿಯಲ್ಲಿ. ಬಹುತೇಕ ಬೈಕ್, ಸ್ಕೂಟರ್‌ಗಳಲ್ಲಿ ಫ್ಲಾಷರ್ ಪ್ರತ್ಯೇಕ ಭಾಗವಾಗಿಯೇ ಇರುತ್ತದೆ. ಅದನ್ನು ಕಿತ್ತು ಎಲ್‌ಇಡಿಗೆಂದೇ ಮಾಡಿದ ಫ್ಲಾಷರ್ ಹಾಕಿದರೆ ಆಯಿತು. ಇದು ಕರೆಂಟ್ ಎಷ್ಟು ಎಂದು ನೋಡದೆ ತನ್ನದೇ ಟೈಮರ್ ಹಿಡಿದು ಮಿಟುಕಿಸುತ್ತದೆ. ಕೊಳ್ಳುವ ಮುನ್ನ ಹಳೆಯದರಲ್ಲಿ ಎರಡು ಪಿನ್ ಇದೆಯೋ ಮೂರಿದೆಯೋ ನೋಡಬೇಕು. ಮೂರನೆಯದು ಅರ್ತಿಂಗ್. ಎರಡು ಪಿನ್‌ನ ಹಳೆಯ ಬೈಮೆಟಲ್ ಫ್ಲಾಷರ್ ಹೇಗೆ ಸಿಕ್ಕಿಸಿದರೂ ನಡೆಯುತ್ತಿತ್ತು, ಎಲೆಕ್ಟ್ರಾನಿಕ್ ಫ್ಲಾಷರ್‌ನಲ್ಲಿ ಬ್ಯಾಟರಿಯಿಂದ ಬರುವ ವೈರು, ದೀಪಕ್ಕೆ ಹೋಗುವ ವೈರು ಅದಲುಬದಲಾದರೆ ಅದು ಕೆಲಸ ಮಾಡುವುದಿಲ್ಲ. ಹೊಸ ಫ್ಲಾಷರ್ ಸತ್ತಿದೆ ಎಂದು ಅಂಗಡಿಗೆ ಹಿಂತಿರುಗಿಸಲು ಹೊರಡುವ ಮೊದಲು ವೈರು ಬದಲಿಸಿ ನೋಡುವುದು ಒಳ್ಳೆಯದು. ಇನ್ನು, ನಾಲ್ಕೂ ಬಲ್ಬ್ ಎಲ್‌ಇಡಿ ಮಾಡಿಸಿದವರನ್ನು ಕಾಡುವ ವಿಚಿತ್ರವೊಂದಿದೆ. ಎಡಕ್ಕೆ ಸ್ವಿಚ್ ತಳ್ಳಿದರೆ ನಾಲ್ಕೂ ದೀಪ ಒಟ್ಟಿಗೆ ಮಿಟುಕುತ್ತವೆ. ಎಡ, ಬಲ ಎರಡಕ್ಕೂ ಮೀಟರ್‌ನಲ್ಲಿ ಒಂದೇ ಬಾಣದ ದೀಪವಿರುವ ಬೈಕುಗಳಲ್ಲಿ ಹೀಗಾಗುತ್ತದೆ. ಆ ಪುಟ್ಟ ಬಲ್ಬಿನ ಒಂದು ತುದಿ ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ ಸೇರಿರುತ್ತದೆ. ಎಡಕ್ಕೆ ಬಂದ ಕರೆಂಟ್ ಅದರ ಮೂಲಕ ಬಲಕ್ಕೂ ನುಸುಳುತ್ತದೆ. ಹಾಗೆ ನುಸುಳಿದ ಕರೆಂಟ್ ಹಳೆಯ 10 ವ್ಯಾಟ್ ಬಲ್ಬನ್ನು ಉರಿಸಲು ಏನೇನೂ ಸಾಲುತ್ತಿರಲಿಲ್ಲ, ಎಲ್‌ಇಡಿಗೆ ಧಾರಾಳ ಸಾಕು. ಎರಡೂ ಬದಿಯ ವೈರಿನಿಂದ ಒಂದೊಂದು ಡಯೋಡ್ ಮೂಲಕ ಮೀಟರ್ ದೀಪಕ್ಕೆ ಕರೆಂಟ್ ಕೊಟ್ಟು, ದೀಪದ ಇನ್ನೊಂದು ತುದಿಯನ್ನು ಅರ್ತಿಂಗ್‌ಗೆ ಕೊಟ್ಟರೆ ನುಸುಳುವ ದಾರಿ ಮುಚ್ಚುತ್ತದೆ. ಡಯೋಡ್ ಒಂದೆರಡು ರೂಪಾಯಿಯ ವಸ್ತು. ಬೆಸುಗೆ ಬಲ್ಲ ಯಾವ ಆಟೊ ಎಲೆಕ್ಟ್ರಿಷಿಯನ್ ಬೇಕಾದರೂ ಮಾಡಿಕೊಡಬಲ್ಲ.

ಎಲ್‌ಇಡಿ ಫ್ಲಾಷರ್ ಕೂಡ ಬಲ್ಬ್ ಹೋದದ್ದನ್ನು ಹೇಳುವುದಿಲ್ಲವಲ್ಲ, ರೆಸಿಸ್ಟರ್‌ಗೆ ಒಂದು ನ್ಯಾಯ, ಇದಕ್ಕೊಂದು ನ್ಯಾಯವೇ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಕರೆಂಟ್ ನೋಡದ ಫ್ಲಾಷರ್‌ಗೆ ಸತ್ತ ಬಲ್ಬ್ ಗೊತ್ತಾಗುವುದಿಲ್ಲ. ಆದರೂ ಇಲ್ಲಿ ಬಿಸಿಯಿಲ್ಲ, ವೈರು ಕತ್ತರಿಸಬೇಕಿಲ್ಲ, ಬೇಡವೆನಿಸಿದರೆ ಹಳೆಯದನ್ನು ಮತ್ತೆ ಸಿಕ್ಕಿಸಬಹುದು. ಅದಕ್ಕಿಂತ ಮುಖ್ಯವಾಗಿ, ಬೈಕಿನವನು ತನ್ನ ನಾಲ್ಕೂ ಇಂಡಿಕೇಟರ್‌ಗಳನ್ನು ನೋಡಲು ಎರಡು ಹೆಜ್ಜೆ ಇಟ್ಟರೆ ಸಾಕು. ಕಳೆದುಕೊಂಡ ಎಚ್ಚರಿಕೆಯನ್ನು ಕಣ್ಣಿನಿಂದ ತುಂಬಿಕೊಳ್ಳುವುದು ಅವನಿಗೆ ಸುಲಭ. ಕಾರಿನವನೂ ಇಳಿದು ನೋಡಬಹುದು, ಆದರೆ ನೋಡುವುದಿಲ್ಲ. ಅಭ್ಯಾಸದ ಮಾತು ಇದು, ತಂತ್ರಜ್ಞಾನದ್ದಲ್ಲ.

ಕಾರುಗಳ ಕತೆಯೇ ಬೇರೆ. ಹಳೆಯ ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆಯ ಹತ್ತಿರ ಫ್ಲಾಷರ್ ಸಿಗುತ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಕಿತ್ತು ಬದಲಿಸಲು ಅಂಥದ್ದೇನೂ ಇಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರ್ ಬಾಗಿಲ ಲಾಕಿನಿಂದ ವೈಪರ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವಾಗ ಇಂಡಿಕೇಟರನ್ನೂ ತಾನೇ ಮಿಟುಕಿಸುತ್ತದೆ. ಅನೇಕ ಕಾರುಗಳಲ್ಲಿ ಟಿಕ್ ಟಿಕ್ ಸದ್ದು ಕೂಡ ಸ್ಪೀಕರ್‌ನಿಂದ ಬರುವ ನಟನೆ. ಕೆಲವು ಕಾರುಗಳ ಮಾಡ್ಯೂಲ್ ದೀಪ ಆರಿರುವಾಗಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕರೆಂಟ್ ಹರಿಸಿ ಬಲ್ಬ್ ಇದೆಯೇ ಎಂದು ಪರೀಕ್ಷಿಸುತ್ತದೆ. ಫಿಲಮೆಂಟಿಗೆ ಅದು ತಟ್ಟುವುದೇ ಇಲ್ಲ, ಎಲ್‌ಇಡಿ ಮಾತ್ರ ಅಷ್ಟಕ್ಕೇ ಮಿಣಕ್ಕೆನ್ನುತ್ತದೆ. ಕ್ಯಾನ್‌ಬಸ್ ಬಲ್ಬ್ ಎಂದು ಹೆಚ್ಚಿನ ಬೆಲೆಗೆ ಮಾರುವ ಎಲ್‌ಇಡಿಗಳು ಇದಕ್ಕೆ ಮದ್ದು ಎನ್ನುತ್ತಾರೆ. ಬಿಚ್ಚಿ ನೋಡಿದರೆ ಹಲವುದರೊಳಗೆ ಇರುವುದು ಅದೇ ರೆಸಿಸ್ಟರ್, ಈ ಸಲ ಬಲ್ಬಿನ ಹೊಟ್ಟೆಯಲ್ಲೇ. ಎಲ್‌ಇಡಿಯ ಆಯುಷ್ಯಕ್ಕೆ ಶಾಖ ಶತ್ರು. ಆ ಶಾಖವನ್ನು ಅದರ ಪಕ್ಕದಲ್ಲೇ ಕೂರಿಸಿದ್ದಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಂಪನಿಗಳ ಕೆಲವು ಮಾದರಿಗಳಲ್ಲಿ ಸ್ಕ್ಯಾನರ್ ಜೋಡಿಸಿ ಮಾಡ್ಯೂಲ್‌ನ ಸೆಟ್ಟಿಂಗ್ ಬದಲಿಸಿ, ಇಲ್ಲಿರುವುದು ಎಲ್‌ಇಡಿ ಎಂದು ಹೇಳಿಕೊಡಲು ಬರುತ್ತದೆ. ಬಂದರೆ ಅದೇ ಅತ್ಯುತ್ತಮ ದಾರಿ. ಆದರೆ ವಾರಂಟಿ ಇರುವ ಕಾರಿನ ಕಂಪ್ಯೂಟರಿಗೆ ಕೈಹಾಕಲು ಯಾರ್ಯಾರಿಗೋ ಬಿಡಬಾರದು.

ಹಾಗಾದರೆ ಶೋರೂಮಿನಿಂದಲೇ ಎಲ್‌ಇಡಿ ಇಂಡಿಕೇಟರ್ ಹೊತ್ತು ಬರುವ ಗಾಡಿಗಳು ಅಚ್ಚುಕಟ್ಟಾಗಿ ಮಿಟುಕುತ್ತವಲ್ಲ? ಈ ಪ್ರಶ್ನೆಯಲ್ಲೇ ಉತ್ತರವಿದೆ. ಅಲ್ಲಿ ದೀಪವೂ ಅದನ್ನು ನೋಡಿಕೊಳ್ಳುವ ಮಾಡ್ಯೂಲೂ ಒಂದಕ್ಕೊಂದು ಹೊಂದುವಂತೆ ತಯಾರಾಗಿರುತ್ತವೆ. ಎಲ್‌ಇಡಿ ದೀಪ ಪ್ರತಿ ಸಲ ಹೊತ್ತಿಕೊಂಡಾಗ ನಿರ್ದಿಷ್ಟ ರೀತಿಯಲ್ಲಿ ಕರೆಂಟ್ ಎಳೆದು ತಾನು ಬದುಕಿದ್ದೇನೆ ಎಂದು ತೋರಿಸಬೇಕು, ಕೆಟ್ಟರೆ ಎಳೆಯಬಾರದು ಎಂಬಂಥ ಏರ್ಪಾಡಿಗೆ ಐಎಸ್‌ಒ 13207 ಎಂಬ ಅಂತರರಾಷ್ಟ್ರೀಯ ಮಾನಕವೇ 2012ರಿಂದ ಇದೆ. ರೆಸಿಸ್ಟರ್ ಕೂಡ ಕರೆಂಟ್ ಎಳೆಯುತ್ತದೆ, ಈ ದೀಪವೂ ಎಳೆಯುತ್ತದೆ. ವ್ಯತ್ಯಾಸವೆಂದರೆ, ಕೆಟ್ಟಾಗ ಈ ದೀಪ ಸುಮ್ಮನಾಗುತ್ತದೆ, ಚಾಲಕನಿಗೆ ಸುದ್ದಿ ಮುಟ್ಟುತ್ತದೆ. ಕಾರ್ಖಾನೆ ಎಚ್ಚರಿಕೆಯ ವ್ಯವಸ್ಥೆಯನ್ನು ಉಳಿಸಿಕೊಂಡೇ ಎಲ್‌ಇಡಿಗೆ ಬದಲಾಯಿತು, ರಸ್ತೆಬದಿಯ ಅಂಗಡಿ ಅದನ್ನು ಕಳೆದು ಬದಲಾಯಿಸುತ್ತದೆ.

ಎಲ್‌ಇಡಿಯಿಂದ ಕರೆಂಟ್ ಉಳಿಯುತ್ತದೆ ಎಂಬ ವಾದವನ್ನೂ ಲೆಕ್ಕ ಹಾಕಿ ನೋಡೋಣ. ಒಂದು ಬದಿಯ 47 ವ್ಯಾಟ್ ಎಲ್‌ಇಡಿಯಿಂದ 10ಕ್ಕೆ ಇಳಿಯಿತು ಎಂದುಕೊಳ್ಳಿ, ಉಳಿತಾಯ 37 ವ್ಯಾಟ್. ದಿನಕ್ಕೆ ಹತ್ತು ನಿಮಿಷ ಇಂಡಿಕೇಟರ್ ಹಾಕಿದರೂ ಅರ್ಧ ಹೊತ್ತು ಆರಿರುವುದರಿಂದ ನಿಜಕ್ಕೂ ಉರಿಯುವುದು ಐದು ನಿಮಿಷ. ವರ್ಷವಿಡೀ ಕೂಡಿಸಿದರೆ ಉಳಿಯುವುದು ಒಂದು ಯೂನಿಟ್‌ಗಿಂತ ಚೂರು ಹೆಚ್ಚು. ಇಡೀ ರಾತ್ರಿ ಉರಿಯುವ ಹೆಡ್‌ಲೈಟಿನಲ್ಲಿ ಈ ವಾದಕ್ಕೆ ತೂಕವಿದೆ, ಇಂಡಿಕೇಟರಿನಲ್ಲಿ ಇಲ್ಲ. ರೆಸಿಸ್ಟರ್ ಹಾಕಿದರಂತೂ ಉಳಿತಾಯದ ಮಾತೇ ಇಲ್ಲ. ಬೇಗ ಹೊತ್ತಿಕೊಳ್ಳುತ್ತದೆ ಎನ್ನುವುದು ಬ್ರೇಕ್ ದೀಪಕ್ಕೆ ಸಲ್ಲುವ ನಿಜವಾದ ಲಾಭ. 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿನ ಐದನೇ ಒಂದು ಭಾಗಕ್ಕೆ ಗಾಡಿ ಮೂರು ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ, ಹಿಂದಿನವನಿಗೆ ಆ ಮೂರು ಮೀಟರ್ ಮುಖ್ಯ. ತಿರುವಿಗೆ ಮೊದಲೇ ಹಾಕಬೇಕಾದ ಇಂಡಿಕೇಟರಿನಲ್ಲಿ ಅಷ್ಟು ಅವಸರ ಯಾರಿಗೂ ಇಲ್ಲ. ಬಾಳಿಕೆ ಹೆಚ್ಚು ಎನ್ನುವುದು ಒಳ್ಳೆಯ ಎಲ್‌ಇಡಿಗೆ ಸತ್ಯ, ಆದರೆ ಡಬ್ಬಿಯ ಮೇಲೆ ತಯಾರಕರ ಹೆಸರೂ ಇಲ್ಲದ ಬಲ್ಬಿಗೆ ಅದನ್ನು ಅನ್ವಯಿಸಲು ಬಾರದು. ಬಣ್ಣವನ್ನೂ ನೋಡಬೇಕು. ಹಳದಿಗೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬೆಳಕು ಪೇಲವವಾಗುತ್ತದೆ. ಆ ಬೆಳಕಿನಲ್ಲಿ ನೀಲಿ ಹೆಚ್ಚು, ಗಾಜು ಅದನ್ನು ತಡೆದುಬಿಡುತ್ತದೆ. ಹಾಕುವುದೇ ಆದರೆ ಹಳದಿಗೆಂಪಿನ ಎಲ್‌ಇಡಿಯನ್ನೇ ಹಾಕಬೇಕು.

ಕಾನೂನಿನ ಮಾತನ್ನು ಪೂರ್ತಿ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡದ ಅವಕಾಶ ಬಂತು. 2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟ್‌ಗಳ ಮೇಲೆ ಮುಗಿಬಿದ್ದದ್ದು ನೆನಪಿರಬಹುದು. ಇಂಡಿಕೇಟರ್ ಬಲ್ಬಿಗಾಗಿ ರಸ್ತೆಯಲ್ಲಿ ಯಾರೂ ತಡೆಯಲಾರರು ಎನ್ನುವುದು ಲೋಕಜ್ಞಾನ. ಆದರೆ ಅಪಘಾತವಾದ ಮೇಲೆ ಕತ್ತರಿಸಿದ ವೈರೂ ಟೇಪ್ ಸುತ್ತಿದ ರೆಸಿಸ್ಟರೂ ವಿಮಾ ಸರ್ವೇಯರ್ ಕಣ್ಣಿಗೆ ಬಿದ್ದಾಗ ಆ ಲೋಕಜ್ಞಾನ ನೆರವಿಗೆ ಬರುವುದಿಲ್ಲ.

ಹೀಗಾಗಿ ಕಾರಿನವರಿಗೆ ನನ್ನ ಸಲಹೆ ನೇರವಾಗಿದೆ. ಸೆಟ್ಟಿಂಗ್ ಬದಲಿಸಲು ಬಾರದ ಕಾರಾದರೆ ಇಂಡಿಕೇಟರಿಗೆ ಹಳೆಯ 21 ವ್ಯಾಟ್ ಬಲ್ಬನ್ನೇ ಮತ್ತೆ ಹಾಕಿ. ಎಲ್‌ಇಡಿಯ ಆಸೆಯನ್ನು ಒಳಗಿನ ರೂಫ್ ಲೈಟಿನಲ್ಲಿ ತೀರಿಸಿಕೊಳ್ಳಿ. ಬೈಕಿನವರು ಫ್ಲಾಷರ್ ಬದಲಿಸಿ. ಈಗಾಗಲೇ ರೆಸಿಸ್ಟರ್ ಹಾಕಿಸಿಕೊಂಡವರು ಅದು ಯಾವುದಕ್ಕೆ ತಾಗಿ ಕೂತಿದೆ ಎಂದು ಈ ವಾರವೇ ಬಿಚ್ಚಿಸಿ ನೋಡಿ. ಯಾವ ದಾರಿ ಹಿಡಿದರೂ ಕೆಲಸ ಮುಗಿಸಿದ ಅಂಗಡಿಯವನ ಎದುರಿಗೇ ಹಿಂದಿನ ಒಂದು ಎಲ್‌ಇಡಿ ಬಲ್ಬನ್ನು ಹೋಲ್ಡರಿನಿಂದ ತೆಗೆಸಿ, ಇಂಡಿಕೇಟರ್ ಹಾಕಿ, ಡ್ಯಾಷ್‌ಬೋರ್ಡ್ ನೋಡಿ. ಬಾಣದ ಲಯ ಬದಲಾದರೆ ಎಚ್ಚರಿಕೆ ಉಳಿದಿದೆ. ಬದಲಾಗದಿದ್ದರೆ ವಾರಕ್ಕೊಮ್ಮೆ ಹಜಾರ್ಡ್ ಹಾಕಿ ಗಾಡಿಯ ಸುತ್ತ ನಡೆದು ನೋಡುವ ಕೆಲಸ ಇನ್ನು ಮುಂದೆ ನಿಮ್ಮದು.